ಕಸದ ಬುಟ್ಟಿಗೆ ಬಿದ್ದ ಗ್ಲೌಸ್: ಸ್ಯಾಂಡಿ ಕೋಫ್ಯಾಕ್ಸ್‌ನ ಮೊದಲ ಆರು ವರ್ಷ

ಭಾಗ 1/10

1960ರ ಬೇಸ್‌ಬಾಲ್ ಸೀಸನ್ ಮುಗಿದ ದಿನ. ಅಮೆರಿಕದ ಲಾಸ್ ಏಂಜಲೀಸ್ ಡಾಡ್ಜರ್ಸ್ ತಂಡದ ಡ್ರೆಸಿಂಗ್ ರೂಮ್. 24 ವರ್ಷದ ಒಬ್ಬ ಎಡಗೈ ಪಿಚರ್ ತನ್ನ ಗ್ಲೌಸ್, ಸ್ಪೈಕ್ಸ್ ತೆಗೆದು ಕಸದ ಬುಟ್ಟಿಗೆ ಎಸೆದು ಹೊರಟುಹೋದ. ಮುಂದಿನ ವರ್ಷ ವಾಪಸ್ ಬರ್ತೀನೋ ಇಲ್ವೋ ಅನ್ನೋದು ಅವನಿಗೇ ಗ್ಯಾರಂಟಿ ಇರಲಿಲ್ಲ. ರೂಮ್ ನೋಡ್ಕೊಳ್ತಿದ್ದ ನೋಬ್ ಕವಾನೋ ಅನ್ನೋರು ಸುಮ್ಮನೆ ಅವನ್ನ ಬುಟ್ಟಿಯಿಂದ ಎತ್ತಿ ಒಳಗಿಟ್ಟರು.

ಆ ಹುಡುಗನ ಹೆಸರು ಸ್ಯಾಂಡಿ ಕೋಫ್ಯಾಕ್ಸ್. ಅಲ್ಲಿವರೆಗಿನ ಆರು ವರ್ಷದ ಲೆಕ್ಕ: 36 ಗೆಲುವು, 40 ಸೋಲು.

ಅದಾದ ಮೇಲಿನ ಆರು ವರ್ಷದ ಲೆಕ್ಕ: 129 ಗೆಲುವು, 47 ಸೋಲು.

ಮತ್ತೊಮ್ಮೆ ಓದಿ. ಅದೇ ಮನುಷ್ಯ, ಅದೇ ಎಡಗೈ, ಅದೇ ತಂಡ.

ಈ ಕಥೆನ ಎಲ್ರೂ ಒಂದೇ ಥರ ಹೇಳ್ತಾರೆ. "ನೋಡಿ, ಛಲ ಬಿಡಲಿಲ್ಲ, ಗೆದ್ದ." ಹಿಂದೆ ಒಂದು ಬಿಜಿಎಂ ಹಾಕಿದ್ರೆ ರೀಲ್ ರೆಡಿ. ನಾನೂ ಮೊದಲು ಹಾಗೇ ಅಂದ್ಕೊಂಡಿದ್ದೆ. ಆದ್ರೆ ಓದ್ತಾ ಓದ್ತಾ ಗೊತ್ತಾಯ್ತು, ಇದು ಛಲದ ಕಥೆಗಿಂತ ಜಾಸ್ತಿ ಒಂದು ರೂಲ್‌ನ ಕಥೆ. ಅದೂ ದುಡ್ಡಿನ ರೂಲ್. ಬಿಕಾಂ ಓದೋ ನಮಗೆ ಹೇಳಿ ಮಾಡಿಸಿದ ಹಾಗಿದೆ.

ಇದನ್ನ ಬರೆಯೋಕೆ ನನಗೆ ಸ್ವಂತ ಕಾರಣಾನೂ ಒಂದಿದೆ. ಅದನ್ನ ಕೊನೇ ಭಾಗದಲ್ಲಿ ಹೇಳ್ತೀನಿ.

ಒಂದು ಮಾತು. ಅವರನ್ನ ಇಲ್ಲಿ ಏಕವಚನದಲ್ಲೇ ಕರೀತೀನಿ. ಅಗೌರವ ಅಲ್ಲ. ಕಥೆ ನಡೆಯೋವಾಗ ಅವನಿಗೆ ಹೆಚ್ಚೂ ಕಮ್ಮಿ ನಮ್ಮ ವಯಸ್ಸು.

ಭಾಗ 2/10

ಬೇಸ್‌ಬಾಲ್ ಗೊತ್ತಿಲ್ಲದೋರಿಗೆ ಎರಡು ನಿಮಿಷದ ಟ್ಯೂಷನ್. ಗೊತ್ತಿದ್ದೋರು ಮುಂದಿನ ಭಾಗಕ್ಕೆ ಹೋಗಿ.

ಪಿಚರ್ ಅಂದ್ರೆ ನಮ್ಮ ಬೌಲರ್ ಥರ. ಆದ್ರೆ ಓಡಿ ಬರಲ್ಲ, ನಿಂತಲ್ಲಿಂದಲೇ ಎಸೀತಾನೆ. ಚೆಂಡು ನೆಲಕ್ಕೆ ತಾಗೋ ಹಾಗಿಲ್ಲ. ನಮ್ಮ ಕ್ರಿಕೆಟ್ ಪಿಚ್ 66 ಅಡಿ ಉದ್ದ. ಇಲ್ಲಿ ಪಿಚರ್‌ನಿಂದ ಬ್ಯಾಟರ್ ನಿಲ್ಲೋ ಪ್ಲೇಟ್‌ವರೆಗೆ 60 ಅಡಿ 6 ಇಂಚು. ಹಿಂದೆ ಕೀಪರ್ ಥರ ಕೂತಿರೋನು ಕ್ಯಾಚರ್. ಯಾವ ಬಾಲ್ ಹಾಕಬೇಕು ಅಂತ ಸನ್ನೆ ಮಾಡೋನೂ ಅವನೇ.

ಪ್ಲೇಟ್ ಮೇಲೆ, ಬ್ಯಾಟರ್‌ನ ಮೊಣಕಾಲಿಂದ ಎದೆವರೆಗೆ, ಕಣ್ಣಿಗೆ ಕಾಣದ ಒಂದು ಚೌಕ ಇದೆ ಅಂದ್ಕೊಳ್ಳಿ. ಅದರೊಳಗೆ ಬಿದ್ರೆ ಸ್ಟ್ರೈಕ್. ಬ್ಯಾಟ್ ಬೀಸಿ ಮಿಸ್ ಮಾಡಿದ್ರೂ ಸ್ಟ್ರೈಕ್. ಮೂರು ಸ್ಟ್ರೈಕ್ ಆದ್ರೆ ಔಟ್, ಅದಕ್ಕೆ ಸ್ಟ್ರೈಕ್ಔಟ್ ಅಂತಾರೆ.

ಚೌಕದ ಹೊರಗೆ ಹಾಕಿ, ಬ್ಯಾಟರ್ ಸುಮ್ಮನೆ ಬಿಟ್ಟರೆ ಅದು ನಮ್ಮ ವೈಡ್ ಇದ್ದ ಹಾಗೆ. ಅಂಥವು ನಾಲ್ಕು ಆದ್ರೆ ಬ್ಯಾಟರ್ ಆರಾಮಾಗಿ ನಡ್ಕೊಂಡು ಮೊದಲ ಬೇಸ್‌ಗೆ ಹೋಗ್ತಾನೆ. ಅದಕ್ಕೇ ಅದರ ಹೆಸರು ವಾಕ್. ನಾಲ್ಕು ಬೇಸ್ ಸುತ್ತಿ ಬಂದ್ರೆ ಒಂದು ರನ್. ಮೂರೂ ಬೇಸ್‌ನಲ್ಲಿ ಜನ ತುಂಬಿರೋವಾಗ ಇನ್ನೊಂದು ವಾಕ್ ಕೊಟ್ಟರೆ ಒಂದು ರನ್ ಬಿಟ್ಟಿ. ಮೂರು ಔಟ್‌ಗೆ ಒಂದು ಇನ್ನಿಂಗ್, ಪಂದ್ಯಕ್ಕೆ ಒಂಬತ್ತು.

ಇನ್ನೊಂದು ವಿಷಯ ಮುಖ್ಯ. ದೊಡ್ಡ ತಂಡಗಳು ಆಡೋದು ಮೇಜರ್ ಲೀಗ್. ಅದರ ಕೆಳಗೆ ಊರೂರಲ್ಲಿ ಮೈನರ್ ಲೀಗ್ ತಂಡಗಳು. ಹೊಸ ಹುಡುಗರು ಅಲ್ಲಿ ವರ್ಷಗಟ್ಟಲೆ ಆಡಿ, ತಪ್ಪು ಮಾಡಿ, ಬೈಸ್ಕೊಂಡು, ಕಲಿತು ಮೇಲೆ ಬರ್ತಾರೆ. ಅಲ್ಲಿ ಸೋತರೆ ಇಡೀ ದೇಶಕ್ಕೆ ಗೊತ್ತಾಗಲ್ಲ. ಅಗ್ಗದಲ್ಲಿ ತಪ್ಪು ಮಾಡೋಕೆ ಇರೋ ಜಾಗ ಅದು.

ಕೋಫ್ಯಾಕ್ಸ್ ಇಡೀ ಜೀವನದಲ್ಲಿ ಅಲ್ಲಿ ಒಂದೇ ಒಂದು ಪಂದ್ಯಾನೂ ಆಡಲಿಲ್ಲ. ನೆನಪಿಟ್ಕೊಳ್ಳಿ.

ಭಾಗ 3/10

ಹುಟ್ಟಿದ್ದು 1935ರ ಡಿಸೆಂಬರ್ 30, ನ್ಯೂಯಾರ್ಕ್‌ನ ಬ್ರೂಕ್ಲಿನ್‌ನಲ್ಲಿ, ಒಂದು ಯಹೂದಿ ಕುಟುಂಬದಲ್ಲಿ. ಹುಟ್ಟಿದಾಗ ಹೆಸರು ಸ್ಯಾನ್‌ಫರ್ಡ್ ಬ್ರೌನ್. ಮೂರು ವರ್ಷದವನಿದ್ದಾಗ ಅಪ್ಪ ಅಮ್ಮ ಬೇರೆಯಾದರು. ಒಂಬತ್ತನೇ ವಯಸ್ಸಿಗೆ ಅಮ್ಮ ಇರ್ವಿಂಗ್ ಕೋಫ್ಯಾಕ್ಸ್ ಅನ್ನೋ ವಕೀಲರನ್ನ ಮದುವೆಯಾದರು. ಹಾಗೆ ಬಂದಿದ್ದು ಈ ಹೆಸರು.

ತಮಾಷೆ ಏನಂದ್ರೆ ಹುಡುಗನಿಗೆ ಹುಚ್ಚಿದ್ದಿದ್ದು ಬಾಸ್ಕೆಟ್‌ಬಾಲ್. ಲಫಾಯೆಟ್ ಹೈಸ್ಕೂಲ್‌ನಲ್ಲಿ ಅವನ ಹೆಸರು ಕೇಳಿಬರ್ತಿದ್ದಿದ್ದು ಆ ಆಟದಿಂದ. ಬೇಸ್‌ಬಾಲ್ ತಂಡದಲ್ಲೂ ಇದ್ದ, ಆದ್ರೆ ಪಿಚರ್ ಆಗಿ ಅಲ್ಲ, ಮೊದಲ ಬೇಸ್ ಹತ್ರ ಫೀಲ್ಡರ್ ಆಗಿ. ಅವನ ಎಸೆತ ನೋಡಿ "ಈ ಕೈ ಫೀಲ್ಡಿಂಗ್‌ಗೆ ದಂಡ" ಅಂತ ಮೊದಲು ಗುರುತಿಸಿದವರು ಮಿಲ್ಟ್ ಲೌರಿ. ದೊಡ್ಡ ಕೋಚ್ ಏನಲ್ಲ, ಪೇಪರ್ ಸಾಗಿಸೋ ವ್ಯಾನ್ ಡ್ರೈವರ್. ಕೋನಿ ಐಲ್ಯಾಂಡ್ ಕಡೆಯ ಒಂದು ಲೀಗ್‌ನಲ್ಲಿ ಹುಡುಗರ ತಂಡ ನಡೆಸ್ತಿದ್ದರು. ಅಲ್ಲಿ ಕೋಫ್ಯಾಕ್ಸ್ ಪಿಚಿಂಗ್ ಶುರುಮಾಡಿದ.

ಅಂದ್ರೆ ಬೇರೆ ಹುಡುಗರು ಎಂಟು ಒಂಬತ್ತು ವರ್ಷಕ್ಕೇ ಪಿಚಿಂಗ್ ಕಲಿಯೋ ದೇಶದಲ್ಲಿ, ಇವನು ಸರಿಯಾಗಿ ಶುರುಮಾಡಿದ್ದೇ ಹೈಸ್ಕೂಲ್ ಕೊನೇಲಿ.

ಆಮೇಲೆ ಸಿನ್ಸಿನಾಟಿ ವಿಶ್ವವಿದ್ಯಾಲಯ ಸೇರಿದ. ಆರ್ಕಿಟೆಕ್ಟ್ ಆಗೋ ಆಸೆ. ಅಲ್ಲೂ ಮೊದಲು ಸೇರಿದ್ದು ಬಾಸ್ಕೆಟ್‌ಬಾಲ್ ತಂಡ. 1954ರ ವಸಂತದಲ್ಲಿ ಕಾಲೇಜಿನ ಬೇಸ್‌ಬಾಲ್ ತಂಡಕ್ಕೂ ಆಡಿದ. 32 ಇನ್ನಿಂಗ್ಸ್‌ನಲ್ಲಿ 51 ಸ್ಟ್ರೈಕ್ಔಟ್, 30 ವಾಕ್.

ಈ ಎರಡು ನಂಬರಲ್ಲೇ ಇಡೀ ಹುಡುಗ ಇದ್ದಾನೆ ನೋಡಿ. ಚೆಂಡು ಚೌಕದೊಳಗೆ ಬಿದ್ರೆ ಯಾರಿಗೂ ಹೊಡೆಯೋಕೆ ಆಗ್ತಿರಲಿಲ್ಲ. ಆದ್ರೆ ಬೀಳುತ್ತಾ ಇಲ್ವಾ ಅನ್ನೋದು ದೇವರಿಗೇ ಗೊತ್ತು.

ಭಾಗ 4/10

ಇಂಥ ಕೈ ಇದೆ ಅಂತ ಸುದ್ದಿ ಹಬ್ಬಿತು. ತಂಡಗಳು ಟ್ರಯಲ್‌ಗೆ ಕರೆದವು.

ನ್ಯೂಯಾರ್ಕ್ ಜೈಂಟ್ಸ್ ಮುಂದೆ ಎಷ್ಟು ಹೆದರಿದ್ದ ಅಂದ್ರೆ ಚೆಂಡು ಕ್ಯಾಚರ್ ತಲೆ ಮೇಲಿಂದ ಹೋಯ್ತು. ಅಲ್ಲಿಗೆ ಆ ಕಥೆ ಮುಗೀತು.

ಪಿಟ್ಸ್‌ಬರ್ಗ್ ಪೈರೇಟ್ಸ್ ಟ್ರಯಲ್‌ನಲ್ಲಿ ಅವನ ಚೆಂಡು ಹಿಡಿಯೋಕೆ ಕೂತಿದ್ದ ಕೋಚ್ ಸ್ಯಾಮ್ ನ್ಯಾರನ್ ಅವರ ಹೆಬ್ಬೆರಳೇ ಮುರೀತು. ಆ ತಂಡದ ಮುಖ್ಯಸ್ಥ ಬ್ರಾಂಚ್ ರಿಕಿ. ಹಿಂದೆ ಬ್ರೂಕ್ಲಿನ್‌ನಲ್ಲಿದ್ದಾಗ ಜಾಕಿ ರಾಬಿನ್ಸನ್‌ರನ್ನ ತಂಡಕ್ಕೆ ತಂದವರು ಇವರೇ. ಇಂಥ ಕೈ ತಾನು ಹಿಂದೆ ನೋಡೇ ಇಲ್ಲ ಅಂತ ರಿಕಿ ಹೇಳಿದರಂತೆ. ಆದ್ರೂ ಟೈಮಿಗೆ ಸರಿಯಾಗಿ ಆಫರ್ ಕೊಡಲಿಲ್ಲ.

ಕೊನೆಗೆ ಬ್ರೂಕ್ಲಿನ್ ಡಾಡ್ಜರ್ಸ್. ಅವನ ಸ್ವಂತ ಊರಿನ ತಂಡ. ಸ್ಕೌಟ್ ಆಲ್ ಕ್ಯಾಂಪಾನಿಸ್ ಎಬೆಟ್ಸ್ ಫೀಲ್ಡ್‌ಗೆ ಕರೆಸಿ ಸ್ವತಃ ಬ್ಯಾಟ್ ಹಿಡಿದು ನಿಂತು ನೋಡಿದರು. ತನ್ನ ಜೀವನದಲ್ಲಿ ಮೈ ಜುಮ್ ಅಂದಿದ್ದು ಎರಡೇ ಸಲ, ಒಂದು ಸಿಸ್ಟೀನ್ ಚಾಪೆಲ್‌ನ ಚಾವಣಿ ನೋಡಿದಾಗ, ಇನ್ನೊಂದು ಈ ಹುಡುಗನ ಫಾಸ್ಟ್‌ಬಾಲ್ ನೋಡಿದಾಗ ಅಂತ ಅವರು ಆಮೇಲೆ ಹೇಳ್ಕೊಂಡು ತಿರುಗ್ತಿದ್ದರು.

1954ರ ಡಿಸೆಂಬರ್‌ನಲ್ಲಿ ಸಹಿ ಆಯ್ತು. ಸಂಬಳ ವರ್ಷಕ್ಕೆ 6,000 ಡಾಲರ್, ಸಹಿ ಹಾಕಿದ್ದಕ್ಕೆ ಬೋನಸ್ 14,000 ಡಾಲರ್. ಆಗ ಅಮೆರಿಕದ ಒಂದು ಮಧ್ಯಮ ಕುಟುಂಬದ ವರ್ಷದ ಆದಾಯ ಸುಮಾರು 4,400 ಡಾಲರ್. ಲೆಕ್ಕ ಹಾಕಿ, 19 ತುಂಬುತ್ತಿದ್ದ ಹುಡುಗನಿಗೆ ಮೂರು ವರ್ಷದ ಮನೆ ಖರ್ಚು ಒಂದೇ ಕಂತಲ್ಲಿ.

ಬೋನಸ್ ಕೇಳಿದ್ದರ ಹಿಂದೆ ದುರಾಸೆ ಇರಲಿಲ್ಲ. ಬೇಸ್‌ಬಾಲ್ ಕೈಕೊಟ್ಟರೆ ವಾಪಸ್ ಕಾಲೇಜು ಮುಗಿಸೋಕೆ ಫೀಸ್ ಇರಲಿ ಅನ್ನೋ ಮನೆಯವರ ಲೆಕ್ಕಾಚಾರ. ನಮ್ಮ ಅಪ್ಪ ಅಮ್ಮ ಇದ್ದಿದ್ರೂ ಹಾಗೇ ಮಾಡ್ತಿದ್ದರು.

ಆದ್ರೆ ಆ ಬೋನಸ್ಸೇ ಬಲೆ ಆಯ್ತು.

ಭಾಗ 5/10

ಈಗ ಬಂತು ರೂಲ್. ಇದನ್ನ ಸ್ವಲ್ಪ ನಿಧಾನಕ್ಕೆ ಓದಿ.

ಆಗಿನ ಮೇಜರ್ ಲೀಗ್‌ನಲ್ಲಿ ಬೋನಸ್ ರೂಲ್ ಅಂತ ಒಂದಿತ್ತು. ಹೊಸ ಹುಡುಗನಿಗೆ 4,000 ಡಾಲರ್‌ಗಿಂತ ಹೆಚ್ಚು ಕೊಟ್ಟು ಸಹಿ ಮಾಡಿಸಿಕೊಂಡರೆ, ಆ ತಂಡ ಅವನನ್ನ ಎರಡು ವರ್ಷ ಮೇಜರ್ ಲೀಗ್ ತಂಡದಲ್ಲೇ ಇಟ್ಕೋಬೇಕು. ಕಲಿಯೋಕೆ ಅಂತ ಮೈನರ್ ಲೀಗ್‌ಗೆ ಕಳಿಸೋ ಹಾಗಿಲ್ಲ.

ಯಾಕೆ ಈ ರೂಲ್? ಶ್ರೀಮಂತ ತಂಡಗಳು ದುಡ್ಡು ಸುರಿದು ಊರಲ್ಲಿರೋ ಒಳ್ಳೆ ಹುಡುಗರನ್ನೆಲ್ಲ ಖರೀದಿಸಿ ಮೈನರ್ ಲೀಗ್‌ನಲ್ಲಿ ದಾಸ್ತಾನು ಮಾಡ್ತಿದ್ದವು. ಅದನ್ನ ತಡೀಬೇಕಿತ್ತು. ಬೋನಸ್ ರೇಟ್ ಏರೋದನ್ನೂ ನಿಲ್ಲಿಸಬೇಕಿತ್ತು. "ಜಾಸ್ತಿ ದುಡ್ಡು ಕೊಡ್ತೀಯಾ? ಕೊಡು. ಆದ್ರೆ ತಂಡದ 25 ಜಾಗದಲ್ಲಿ ಒಂದನ್ನ ಅವನಿಗೆ ಬಿಟ್ಟುಕೊಡು." ಕಾಗದದ ಮೇಲೆ ನೋಡಿದ್ರೆ ನ್ಯಾಯವಾಗೇ ಇದೆ. ಕಾಂಪಿಟಿಷನ್ ಉಳಿಸೋ ಕಾನೂನು.

ಆದ್ರೆ ಬಿಲ್ ಕಟ್ಟಿದ್ದು ಯಾರು? ತಂಡ ಒಂದು ಸೀಟ್ ಕಳ್ಕೊಳ್ತು, ಅಷ್ಟೇ. ಹುಡುಗ ಕಳ್ಕೊಂಡಿದ್ದು ಕಲಿಯೋ ಜಾಗ. ರೂಲ್ ಮಾಡಿದವರ ಲೆಡ್ಜರ್‌ನಲ್ಲಿ ಆ ಖರ್ಚಿಗೆ ಕಾಲಮ್ಮೇ ಇರಲಿಲ್ಲ.

ಇನ್ನೊಬ್ಬನೂ ಬಿಲ್ ಕಟ್ಟಿದ. 1955ರ ಜೂನ್‌ನಲ್ಲಿ ಕೋಫ್ಯಾಕ್ಸ್‌ಗೆ ಜಾಗ ಮಾಡೋಕೆ ಡಾಡ್ಜರ್ಸ್ ಒಬ್ಬ ಪಿಚರ್‌ನ ಕೆಳಗೆ ಕಳಿಸಿತು. ಅವನ ಹೆಸರು ಟಾಮಿ ಲಸೋರ್ಡಾ, 27 ವರ್ಷ. ವರ್ಷಗಟ್ಟಲೆ ಮೈನರ್ ಲೀಗ್‌ನಲ್ಲಿ ಬೆವರು ಸುರಿಸಿ ಮೇಲೆ ಬಂದವನು. ಮೇಜರ್ ಲೀಗ್‌ನಲ್ಲಿ ಒಂದೂ ಪಂದ್ಯ ಗೆಲ್ಲದೆ ಅವನ ಆಟ ಮುಗೀತು. ಆಮೇಲೆ ಅದೇ ಡಾಡ್ಜರ್ಸ್‌ಗೆ ಮ್ಯಾನೇಜರ್ ಆಗಿ 1981 ಮತ್ತು 1988ರಲ್ಲಿ ಚಾಂಪಿಯನ್ ಮಾಡಿಸಿದ, ಅದು ಬೇರೆ ಕಥೆ. ನನ್ನನ್ನ ತೆಗೆಯೋಕೆ ಕೋಫ್ಯಾಕ್ಸ್‌ನಂಥವನೇ ಬೇಕಾಯ್ತು ಅಂತ ಜೀವನಪೂರ್ತಿ ಜೋಕ್ ಮಾಡ್ತಿದ್ದ.

ಆಡಲು ರೆಡಿ ಇದ್ದವನು ಕೆಳಗೆ, ರೆಡಿ ಇಲ್ಲದವನು ಮೇಲೆ. ಇಬ್ಬರಿಗೂ ಲಾಭ ಇಲ್ಲ.

ಭಾಗ 6/10

1955ರ ಜೂನ್ 24. ಮಿಲ್ವಾಕಿ ಊರಲ್ಲಿ ಮೊದಲ ಪಂದ್ಯ. ಐದನೇ ಇನ್ನಿಂಗ್‌ನಲ್ಲಿ ಕೋಫ್ಯಾಕ್ಸ್ ಕೈಗೆ ಚೆಂಡು ಕೊಟ್ಟರು.

ಮೊದಲ ಬ್ಯಾಟರ್ ಬ್ಯಾಟಿನ ತುದಿಗೆ ತಾಗಿಸಿ ಬೇಸ್ ಸೇರಿದ. ಎರಡನೆಯವನು ಮೆಲ್ಲಗೆ ತಟ್ಟಿದ ಚೆಂಡನ್ನ ಇವನೇ ಎತ್ತಿ ಎರಡನೇ ಬೇಸ್ ಕಡೆ ಎಸೆದ, ಅದು ಮೈದಾನದ ನಡುವೆ ಎಲ್ಲೋ ಹೋಯ್ತು. ಮೂರನೆಯವನು ಹ್ಯಾಂಕ್ ಆರನ್. ಹೌದು, ಅದೇ ಹ್ಯಾಂಕ್ ಆರನ್. ನಾಲ್ಕಕ್ಕೆ ನಾಲ್ಕೂ ಹೊರಗೆ, ವಾಕ್. ಮೂರೂ ಬೇಸ್ ಫುಲ್. ಆಗ ಬಾಬಿ ಥಾಮ್ಸನ್‌ನ ಸ್ಟ್ರೈಕ್ಔಟ್ ಮಾಡಿದ. ಆ ಇನ್ನಿಂಗ್‌ನಲ್ಲಿ ಒಂದೂ ರನ್ ಹೋಗಲಿಲ್ಲ.

ಜುಲೈನಲ್ಲಿ ಮೊದಲ ಸಲ ಪಂದ್ಯದ ಶುರುವಿಂದ ಎಸೆಯೋ ಚಾನ್ಸ್. ಐದು ಇನ್ನಿಂಗ್ ಕೂಡ ದಾಟಲಿಲ್ಲ, ಅಷ್ಟರಲ್ಲೇ ಎಂಟು ವಾಕ್.

ಆಗಸ್ಟ್ 27. ಸಿನ್ಸಿನಾಟಿ ವಿರುದ್ಧ ಪೂರ್ತಿ ಒಂಬತ್ತು ಇನ್ನಿಂಗ್ಸ್ ಎಸೆದ. 14 ಸ್ಟ್ರೈಕ್ಔಟ್, ಎರಡೇ ಹಿಟ್, 7-0 ಗೆಲುವು. ಒಂದು ವಾರಕ್ಕೆ ಇನ್ನೊಂದು ಗೆಲುವು, ಅದರಲ್ಲೂ ಎದುರಾಳಿಗೆ ರನ್ ಸೊನ್ನೆ.

ಇಷ್ಟಾದ ಮೇಲೆ ರೆಗ್ಯುಲರ್ ಆಗಿ ಆಡಿಸಿರಬೇಕು ಅಲ್ವಾ? ಇಲ್ಲ. 154 ಪಂದ್ಯದ ಸೀಸನ್‌ನಲ್ಲಿ ಅವನು ಮೈದಾನಕ್ಕೆ ಇಳಿದಿದ್ದು 12 ಸಲ. ಯಾಕಂದ್ರೆ ಬ್ರೂಕ್ಲಿನ್ ಆ ವರ್ಷ ಚಾಂಪಿಯನ್ ಆಗೋ ತಂಡ. ಮ್ಯಾನೇಜರ್ ವಾಲ್ಟರ್ ಆಲ್ಸ್ಟನ್‌ಗೆ ಪ್ರತಿ ಪಂದ್ಯಾನೂ ಗೆಲ್ಲಬೇಕು. ಕಲಿಯೋ ಹುಡುಗನ ವಾಕ್‌ಗಳನ್ನ ಸಹಿಸೋ ಪುರುಸೊತ್ತು ಅವರಿಗಿರಲಿಲ್ಲ. ಅವರ ಜಾಗದಲ್ಲಿ ನಿಂತು ನೋಡಿದ್ರೆ ಅವರದ್ದೂ ತಪ್ಪಲ್ಲ.

ಅಕ್ಟೋಬರ್ 4ಕ್ಕೆ ಬ್ರೂಕ್ಲಿನ್ ಮೊಟ್ಟಮೊದಲ ಸಲ ವರ್ಲ್ಡ್ ಸೀರೀಸ್ ಗೆದ್ದಿತು. ಊರಿಗೆ ಊರೇ ಬೀದಿಯಲ್ಲಿ. ಏಳು ಪಂದ್ಯಾನೂ ಬೆಂಚಲ್ಲೇ ಕೂತು ನೋಡಿದ ಕೋಫ್ಯಾಕ್ಸ್ ಅವತ್ತು ಏನು ಮಾಡಿದ ಗೊತ್ತಾ? ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಆರ್ಕಿಟೆಕ್ಚರ್ ಕ್ಲಾಸ್ ಇತ್ತು. ಕ್ಲಾಸ್‌ಗೆ ಹೋದ.

ಭಾಗ 7/10

1956 ಇನ್ನೂ ಬೇಜಾರು. 58 ಚಿಲ್ಲರೆ ಇನ್ನಿಂಗ್ಸ್, 2 ಗೆಲುವು, 4 ಸೋಲು. ವಾರಗಟ್ಟಲೆ ಕೂರಿಸಿ ಆಮೇಲೆ ಒಂದು ದಿನ ಎಬ್ಬಿಸಿ ಎಸಿ ಅಂದ್ರೆ ಚೆಂಡು ಎಲ್ಲಿ ನೇರ ಹೋಗುತ್ತೆ? ಅದು ಎಲ್ಲೆಲ್ಲೋ ಹೋದ್ರೆ "ನೋಡಿದ್ರಾ, ಕಂಟ್ರೋಲ್ ಇಲ್ಲ" ಅಂತ ಮತ್ತೆ ಬೆಂಚು. ಜಾಕಿ ರಾಬಿನ್ಸನ್ ಅವರಿಗೆ ಅದು ಕೊನೇ ಸೀಸನ್. ಈ ಹುಡುಗನನ್ನ ಹೀಗೆ ಕೂರಿಸೋದು ಸರಿಯಲ್ಲ ಅಂತ ಅವರೇ ಆಲ್ಸ್ಟನ್ ಜೊತೆ ಜಟಾಪಟಿ ಮಾಡಿದ್ದರು.

ಎರಡು ವರ್ಷ ಸೇರಿಸಿದ್ರೆ 100 ಇನ್ನಿಂಗ್ಸ್ ಅಷ್ಟೇ. ಅದೇ ತಂಡದ ಡಾನ್ ನ್ಯೂಕೂಂಬ್ 1956ರ ಒಂದೇ ವರ್ಷದಲ್ಲಿ 268 ಎಸೆದಿದ್ದರು.

ಈಗ ನೀವು ಕೇಳಬಹುದು, "ರೂಲ್ ಎಲ್ರಿಗೂ ಒಂದೇ ತಾನೇ? ಟ್ಯಾಲೆಂಟ್ ಇದ್ದೋರು ಗೆದ್ದಿರಬೇಕಲ್ವಾ?" ಒಳ್ಳೇ ಪ್ರಶ್ನೆ. ಎರಡು ಉದಾಹರಣೆ ನೋಡೋಣ.

ಆಲ್ ಕೇಲೈನ್. 1953ರಲ್ಲಿ 18ನೇ ವಯಸ್ಸಿಗೆ ಡೆಟ್ರಾಯ್ಟ್ ತಂಡ ಬೋನಸ್ ಕೊಟ್ಟು ತಗೊಂಡಿತು. ಅವನೂ ಮೈನರ್ ಲೀಗ್ ಮುಖ ನೋಡಲಿಲ್ಲ. ಆದ್ರೆ ಡೆಟ್ರಾಯ್ಟ್ ಆಗ ಗೆಲ್ಲೋ ತಂಡ ಅಲ್ಲ. 1954ರಲ್ಲಿ ಎಂಟು ತಂಡದಲ್ಲಿ ಐದನೇ ಸ್ಥಾನ. ಹುಡುಗನ್ನ ಆಡಿಸಿದ್ರೆ ಕಳ್ಕೊಳ್ಳೋದು ಏನೂ ಇರಲಿಲ್ಲ, ಆ ವರ್ಷ 138 ಪಂದ್ಯ ಆಡಿಸಿದರು. ಮುಂದಿನ ವರ್ಷ, 20ನೇ ವಯಸ್ಸಿಗೆ, ಅವನು ಅಮೆರಿಕನ್ ಲೀಗ್‌ನ ಬ್ಯಾಟಿಂಗ್ ಚಾಂಪಿಯನ್.

ಹಾರ್ಮನ್ ಕಿಲ್ಲಬ್ರೂ. 1954ರಲ್ಲಿ ವಾಷಿಂಗ್ಟನ್ ತಂಡ ಬೋನಸ್ ಕೊಟ್ಟು ತಗೊಂಡಿತು. ಎರಡು ವರ್ಷ ಹೆಚ್ಚಾಗಿ ಬೆಂಚು. ರೂಲ್‌ನ ಅವಧಿ ಮುಗಿದ ಮೇಲೆ ಮೈನರ್ ಲೀಗ್‌ಗೆ ಹೋಗಿ ಆಡಿ ಆಡಿ ಕಲಿತ. 1959ರಲ್ಲಿ 42 ಹೋಮ್ ರನ್ ಹೊಡೆದ. ಆಟ ಬಿಡೋ ಹೊತ್ತಿಗೆ 573.

ಮೂವರಿಗೂ ರೂಲ್ ಒಂದೇ, ಮೂವರೂ ಆಮೇಲೆ ದೊಡ್ಡವರೇ. ಯಾರು ಬೇಗ ಅರಳಿದರು, ಯಾರು ತಡವಾಗಿ ಅನ್ನೋದು ಒಂದೇ ಪ್ರಶ್ನೆ ಮೇಲೆ ನಿಂತಿತ್ತು: ಆಡೋಕೆ ಬಿಟ್ಟಿದ್ದು ಯಾವಾಗ?

ಭಾಗ 8/10

1957ಕ್ಕೆ ಕೋಫ್ಯಾಕ್ಸ್‌ನ ಎರಡು ವರ್ಷ ಮುಗೀತು. ರೂಲ್ ಹೋಯ್ತು, ಅಭ್ಯಾಸ ಹೋಗಲಿಲ್ಲ. ಇದೇ ನನಗೆ ಜಾಸ್ತಿ ತಟ್ಟಿದ ವಿಷಯ. ಮೊದಲು ಕಾನೂನು "ಇವನು ಬೆಂಚಿನವನು" ಅಂತ ಮಾಡಿತು. ಆಮೇಲೆ ಕಾನೂನು ಇಲ್ಲದಿದ್ರೂ ಎಲ್ರಿಗೂ ಅವನು ಬೆಂಚಿನವನಾಗೇ ಕಂಡ.

ಆ ವರ್ಷ ಎರಡು ವಾರ ರೆಗ್ಯುಲರ್ ಆಗಿ ಆಡಿಸಿದರು, ಚೆನ್ನಾಗೇ ಎಸೆದ. ಆಮೇಲೆ 45 ದಿನ ಪಂದ್ಯ ಶುರುಮಾಡೋ ಚಾನ್ಸ್ ಇಲ್ಲ! ವರ್ಷದ ಕೊನೆಗೆ ಬ್ರೂಕ್ಲಿನ್ ಡಾಡ್ಜರ್ಸ್ ಅನ್ನೋ ಹೆಸರಲ್ಲಿ ತಂಡ ಆಡಿದ ಕಟ್ಟಕಡೆಯ ಪಂದ್ಯದಲ್ಲಿ ಕೊನೇ ಇನ್ನಿಂಗ್ ಎಸೆದವನು ಇವನೇ. ಸ್ವಂತ ಊರಿನ ತಂಡ ಗಂಟುಮೂಟೆ ಕಟ್ಟಿ ಲಾಸ್ ಏಂಜಲೀಸ್‌ಗೆ ಹೊರಟಿತು.

1958: 11 ಗೆಲುವು, 11 ಸೋಲು, 105 ವಾಕ್. ಕ್ಯಾಚರ್‌ಗೂ ಸಿಗದೆ ಹೋದ ಎಸೆತಗಳು 17, ಅದು ಇಡೀ ಲೀಗ್‌ನಲ್ಲೇ ಹೆಚ್ಚು.

1959: ಆಗಸ್ಟ್ 31ರಂದು ಒಂದೇ ಪಂದ್ಯದಲ್ಲಿ 18 ಸ್ಟ್ರೈಕ್ಔಟ್. ಬಾಬ್ ಫೆಲ್ಲರ್ ದಾಖಲೆಗೆ ಸಮ. ವರ್ಲ್ಡ್ ಸೀರೀಸ್‌ನ ಐದನೇ ಪಂದ್ಯಕ್ಕೆ ಇವನನ್ನೇ ಇಳಿಸಿದರು. ಕೊಲಿಸಿಯಂ ಮೈದಾನದಲ್ಲಿ 92,706 ಜನ. ಏಳು ಇನ್ನಿಂಗ್ಸ್‌ನಲ್ಲಿ ಕೊಟ್ಟಿದ್ದು ಒಂದೇ ರನ್. ಇವನ ತಂಡ ಹೊಡೆದಿದ್ದು ಸೊನ್ನೆ. 1-0 ಸೋಲು.

1960: ಪಿಟ್ಸ್‌ಬರ್ಗ್‌ನಲ್ಲಿ ಒಂದೇ ಹಿಟ್ ಕೊಟ್ಟ ಪಂದ್ಯ. ಅದೇ ವರ್ಷ 8 ಗೆಲುವು, 13 ಸೋಲು, 100 ವಾಕ್.

ಒಂದು ದಿನ ದೇವರು, ಇನ್ನೊಂದು ದಿನ ದಂಡಪಿಂಡ. ಜನರಲ್ ಮ್ಯಾನೇಜರ್ ಬಝಿ ಬವಾಸಿ ಹತ್ರ ಹೋಗಿ, ಬೇರೆ ತಂಡಕ್ಕಾದ್ರೂ ಕಳಿಸಿ, ಆಡೋಕೆ ಬಿಡಿ ಅಂತ ಕೇಳಿದ. ಬ್ಯಾಟರ್‌ಗಳನ್ನ ಔಟ್ ಮಾಡೋಕಾಗದವನನ್ನ ಹೇಗಪ್ಪಾ ಆಡಿಸೋದು ಅಂದರು ಅವರು. ಬೆಂಚಲ್ಲಿ ಕೂತ್ಕೊಂಡು ಯಾರು ತಾನೇ ಔಟ್ ಮಾಡ್ತಾರೆ ಅಂದ ಇವನು.

ಆ ಸೀಸನ್‌ನ ಕೊನೇ ದಿನವೇ ಗ್ಲೌಸ್ ಕಸದ ಬುಟ್ಟಿಗೆ ಹೋಗಿದ್ದು. ಅಷ್ಟೊತ್ತಿಗೆ ಎಲೆಕ್ಟ್ರಾನಿಕ್ಸ್ ಬಿಸಿನೆಸ್ಸೊಂದರಲ್ಲಿ ದುಡ್ಡು ಹಾಕಿದ್ದ. ಅದನ್ನೇ ನೋಡ್ಕೊಳ್ಳೋಣ ಅನ್ನೋ ಯೋಚನೆ ಇತ್ತು.

ಭಾಗ 9/10

ಚಳಿಗಾಲ ಪೂರ್ತಿ ಯೋಚಿಸಿದ. ಕೊನೆಗೆ ಇನ್ನೊಂದೇ ವರ್ಷ, ಪೂರ್ತಿ ಮನಸ್ಸಿಟ್ಟು ನೋಡಿಬಿಡೋಣ ಅಂತ ತೀರ್ಮಾನ ಮಾಡಿದ. 1961ರ ವಸಂತದಲ್ಲಿ ಫ್ಲೋರಿಡಾ ಕ್ಯಾಂಪ್‌ಗೆ ಬಂದ. ಕವಾನೋ ಎತ್ತಿಟ್ಟಿದ್ದ ಸಾಮಾನು ಕೈಗೆ ಕೊಟ್ಟರು.

ಆರ್ಲ್ಯಾಂಡೋದಲ್ಲಿ ಮಿನ್ನೆಸೋಟಾ ಟ್ವಿನ್ಸ್ ಜೊತೆ ಒಂದು ಪ್ರಾಕ್ಟೀಸ್ ಮ್ಯಾಚ್. ಅದೂ ಬಿ ಟೀಮ್ ಮ್ಯಾಚ್. ಜೊತೆಗೆ ಬರಬೇಕಿದ್ದ ಇನ್ನೊಬ್ಬ ಪಿಚರ್‌ಗೆ ವಿಮಾನ ಮಿಸ್ ಆಯ್ತು. ಹಾಗಾಗಿ ಕೋಫ್ಯಾಕ್ಸ್ ಏನೇ ಆದ್ರೂ ಏಳು ಇನ್ನಿಂಗ್ಸ್ ಎಸೀಲೇಬೇಕು, ತೆಗೆದುಹಾಕೋಕೆ ಬೇರೆ ಜನವೇ ಇಲ್ಲ.

ಶುರುವಲ್ಲೇ ಹಳೇ ಚಾಳಿ. ವಾಕ್, ವಾಕ್, ವಾಕ್. ಮೂರೂ ಬೇಸ್ ಫುಲ್. ಕ್ಯಾಚರ್ ನಾರ್ಮ್ ಶೆರ್ರಿ ಎದ್ದು ಅವನ ಹತ್ರ ನಡ್ಕೊಂಡು ಬಂದ. ಶೆರ್ರಿಯೂ ಮೇನ್ ಕ್ಯಾಚರ್ ಅಲ್ಲ, ಮೀಸಲು ಆಟಗಾರ. ಅವನು ಹೇಳಿದ್ದರ ಸಾರಾಂಶ ಇಷ್ಟೇ: ಅಷ್ಟು ಜೋರಾಗಿ ಎಸೀಬೇಡ, ಸ್ವಲ್ಪ ಸಡಿಲ ಬಿಡು. ಹೊಡೆದ್ರೆ ಹೊಡೀಲಿ, ಹಿಂದೆ ಹಿಡಿಯೋಕೆ ನಮ್ಮವರಿದ್ದಾರೆ.

ಅಲ್ಲಿಂದ ಕೋಫ್ಯಾಕ್ಸ್ ಸಲೀಸಾಗಿ ಎಸೆಯೋಕೆ ಶುರುಮಾಡಿದ. ಏಳು ಇನ್ನಿಂಗ್ಸ್ ಮುಗಿದಾಗ ಎದುರಾಳಿಗೆ ಒಂದೇ ಒಂದು ಹಿಟ್ ಇರಲಿಲ್ಲ.

ಅದೇ ಕ್ಯಾಂಪ್‌ನಲ್ಲಿ ಸ್ಕೌಟ್ ಕೆನ್ನಿ ಮೈಯರ್ಸ್ ಇನ್ನೊಂದು ಕಂಡುಹಿಡಿದರು. ಎಸೆಯೋಕೆ ಹಿಂದಕ್ಕೆ ಬಾಗೋವಾಗ ಕೋಫ್ಯಾಕ್ಸ್ ತಲೇನ ಎಷ್ಟು ಹಿಂದಕ್ಕೆ ಒಯ್ತಾನೆ ಅಂದ್ರೆ ಗುರಿಯೇ ಅವನ ಕಣ್ಣಿಗೆ ಕಾಣ್ತಿರಲಿಲ್ಲ. ಆರು ವರ್ಷ ಮೇಜರ್ ಲೀಗ್‌ನಲ್ಲಿದ್ದ ಹುಡುಗನಿಗೆ ಇದನ್ನ ಯಾರೂ ಸರಿಮಾಡಿರಲಿಲ್ಲ. ಮೈನರ್ ಲೀಗ್‌ನಲ್ಲಿ ಎರಡು ವರ್ಷ ಆಡಿದ್ರೆ ಯಾವನೋ ಕೋಚ್ ಹೇಳಿಬಿಡ್ತಿದ್ದನೇನೋ.

ಆ ವರ್ಷ 35 ಪಂದ್ಯ ಶುರುಮಾಡೋ ಅವಕಾಶ ಸಿಕ್ಕಿತು. ಹಿಂದಿನ ವರ್ಷ 26 ಇತ್ತು. 255 ಚಿಲ್ಲರೆ ಇನ್ನಿಂಗ್ಸ್, 18 ಗೆಲುವು, 269 ಸ್ಟ್ರೈಕ್ಔಟ್. 1903ರಿಂದ ಕ್ರಿಸ್ಟಿ ಮ್ಯಾಥ್ಯೂಸನ್ ಹೆಸರಲ್ಲಿದ್ದ ನ್ಯಾಷನಲ್ ಲೀಗ್ ದಾಖಲೆ ಮುರೀತು.

ಮೊದಲ ಆರು ವರ್ಷ ಒಂಬತ್ತು ಇನ್ನಿಂಗ್ಸ್‌ಗೆ ಸರಾಸರಿ ಐದಕ್ಕಿಂತ ಹೆಚ್ಚು ವಾಕ್ ಕೊಡ್ತಿದ್ದವನು, 1963ಕ್ಕೆ ಎರಡಕ್ಕಿಂತ ಕಮ್ಮಿಗೆ ಬಂದಿದ್ದ.

ಭಾಗ 10/10

ಆಮೇಲಿನದ್ದು ಎಲ್ಲ ಕಡೆ ಸಿಗುತ್ತೆ, ಚಿಕ್ಕದಾಗಿ ಹೇಳ್ತೀನಿ. ಎದುರಾಳಿಗೆ ಒಂದೂ ಹಿಟ್ ಕೊಡದ ಪಂದ್ಯಗಳು ನಾಲ್ಕು. 1965ರ ಸೆಪ್ಟೆಂಬರ್ 9ರಂದು 27 ಬ್ಯಾಟರ್‌ಗಳಲ್ಲಿ ಒಬ್ಬನೂ ಬೇಸ್ ಮುಟ್ಟದ ಪರ್ಫೆಕ್ಟ್ ಗೇಮ್. ಅದೇ ವರ್ಷ ವರ್ಲ್ಡ್ ಸೀರೀಸ್‌ನ ಮೊದಲ ಪಂದ್ಯ ಯಹೂದಿಗಳ ಪವಿತ್ರ ದಿನ ಯೋಮ್ ಕಿಪ್ಪುರ್‌ನಂದು ಬಂತು, ಆಡಲ್ಲ ಅಂದ. ಮೂರು ಸೈ ಯಂಗ್ ಪ್ರಶಸ್ತಿ. 1966ರಲ್ಲಿ 27 ಪಂದ್ಯ ಗೆದ್ದು, ಎಡ ಮೊಣಕೈಯ ಸಂಧಿವಾತದಿಂದ 30ನೇ ವಯಸ್ಸಿಗೇ ನಿವೃತ್ತಿ. 1972ರಲ್ಲಿ 36ಕ್ಕೇ ಹಾಲ್ ಆಫ್ ಫೇಮ್, ಚುನಾಯಿತರಲ್ಲಿ ಅತಿ ಕಿರಿಯ.

ಇಲ್ಲಿ ಸ್ವಲ್ಪ ನಿಲ್ಲಿ. ಒಟ್ಟು ಆಡಿದ್ದು 12 ವರ್ಷ. ಅದರಲ್ಲಿ ಮೊದಲ ಆರು ಆ ಥರ ಹೋದವು. ಕೈ ಅಷ್ಟರಲ್ಲೇ ಸವೆದುಹೋಯ್ತು. ಆ ಆರು ವರ್ಷನ ಯಾರೂ ಅವನಿಗೆ ವಾಪಸ್ ಕೊಡಲಿಲ್ಲ. ಅದಕ್ಕೇ ಇದನ್ನ "ತಾಳಿದವನು ಬಾಳಿಯಾನು" ಅಂತ ಮುಗಿಸೋಕೆ ನನಗೆ ಮನಸ್ಸಿಲ್ಲ. ತಾಳಿದ್ದು ನಿಜ. ಆದ್ರೆ ಅಷ್ಟು ತಾಳೋ ಹಾಗೆ ಮಾಡಿದ್ದು ಯಾಕೆ ಅಂತಾನೂ ಕೇಳಬೇಕು.

ಈಗ ನನ್ನ ಕಾರಣ. ಕಳೆದ ರಜೆಯಲ್ಲಿ ಒಂದು ದೊಡ್ಡ ಆಫೀಸಲ್ಲಿ ಎರಡು ತಿಂಗಳು ಇಂಟರ್ನ್‌ಶಿಪ್ ಮಾಡಿದೆ. ಸ್ಟೋರಿ ಹಾಕಿದ್ದೆ, ನೀವೆಲ್ಲ ಬೆಂಕಿ ಇಮೋಜಿ ಕಳಿಸಿದ್ರಿ. ನಿಜ ಏನಂದ್ರೆ ನಾನು ಮಾಡಿದ್ದು ವೋಚರ್‌ಗೆ ನಂಬರ್ ಹಾಕೋದು, ಪಿನ್ ಹೊಡೆಯೋದು, ಜೆರಾಕ್ಸ್ ತರೋದು. ಟ್ಯಾಲಿಯಲ್ಲಿ ಒಂದು ಎಂಟ್ರಿ ಕೂಡ ಹಾಕಿಲ್ಲ. ಆಮೇಲೆ ಒಂದು ಇಂಟರ್‌ವ್ಯೂನಲ್ಲಿ ಬ್ಯಾಂಕ್ ರಿಕನ್ಸಿಲಿಯೇಷನ್ ಮಾಡಿ ತೋರ್ಸು ಅಂದರು. ಕೈ ನಡುಗ್ತು. "ದೊಡ್ಡ ಕಡೆ ಇದ್ದೆ ಅಂತೀಯ, ಇಷ್ಟೂ ಬರಲ್ವಾ?" ಅಂದರು. ಮನೆಗೆ ಬಂದು ನಾನೇ ದಡ್ಡ ಅಂತ ಅತ್ತಿದ್ದೆ.

ಈ ರಜೆಗೆ ಅದೇ ಆಫೀಸಿಂದ ಮತ್ತೆ ಕರೆದಿದ್ದಾರೆ. ಜೊತೆಗೆ ನಮ್ಮ ರಸ್ತೆಯ ಹಾರ್ಡ್‌ವೇರ್ ಅಂಗಡಿಯವರು "ನಮ್ಮ ಜಿಎಸ್‌ಟಿ ಲೆಕ್ಕ ಬರಿ, ಬಾ" ಅಂದಿದ್ದಾರೆ. ಅಪ್ಪನಿಗೆ ಸರ್ಟಿಫಿಕೇಟ್ ಬೇಕು. ನಾನು ನಿನ್ನೆ ಅಂಗಡಿಗೆ ಹೂಂ ಅಂದೆ. ಅಪ್ಪ ಇನ್ನೂ ಮಾತಾಡ್ತಿಲ್ಲ. ನನ್ನದು ತಪ್ಪು ಲೆಕ್ಕ ಆಗಿದ್ರೂ ಆಗಿರಬಹುದು. ಆದ್ರೆ ಅಲ್ಲಿ ದಿನಾ ಎಂಟ್ರಿ ಹಾಕ್ತೀನಿ, ದಿನಾ ತಪ್ಪು ಮಾಡ್ತೀನಿ, ಸಂಜೆಯೊಳಗೆ ಯಾರೋ ತೋರಿಸ್ತಾರೆ.

ನಿಮ್ಮ ಕ್ಲಾಸಲ್ಲೂ ಒಬ್ಬ "ಏನೂ ಬರಲ್ಲ ಅವನಿಗೆ" ಅನ್ನಿಸ್ಕೊಂಡಿರೋನು ಇರ್ತಾನೆ. ಅವನಿಗೆ ಎಷ್ಟು ಇನ್ನಿಂಗ್ಸ್ ಸಿಕ್ಕಿದೆ ಅಂತ ಒಮ್ಮೆ ಎಣಿಸಿ ನೋಡಿ. ನೀವೇ ಅವನಾಗಿದ್ರೆ ನಿಮ್ಮದನ್ನೂ ಎಣಿಸಿ. ಕಾಮೆಂಟ್‌ನಲ್ಲಿ ಬರೀರಿ, ಎಲ್ಲಾನೂ ಓದ್ತೀನಿ.

ಗ್ಲೌಸ್ ಎತ್ತಿಟ್ಟ ನೋಬ್ ಕವಾನೋ ಥರ ಯಾರಾದ್ರೂ ನಿಮಗಿದ್ರೆ ಅವರನ್ನ ಟ್ಯಾಗ್ ಮಾಡಿ.